ಎರಡನೇ ಕೀ ಇಟ್ಟುಕೊಂಡ ಅಧ್ಯಕ್ಷರು

ಅಪ್ಪ ಸಿಂಗಪುರಕ್ಕೆ ಬಂದಾಗೆಲ್ಲ ಮೊದಲ ವಾರ ಪೇಪರ್ ಓದುವುದರಲ್ಲೇ ಕಳೆಯುತ್ತಾರೆ. ಈ ಸಲ ಓದುತ್ತಾ ಓದುತ್ತಾ ಕನ್ನಡಕ ಹಣೆಗೇರಿಸಿ ಕೇಳಿದರು: "ಅಲ್ಲ ಕಣೆ, ಇಲ್ಲಿನ ಅಧ್ಯಕ್ಷರು ತರ್ಮನ್ ಷಣ್ಮುಗರತ್ನಂ ಅಂತೆ. ನಮ್ಮ ಕಡೆ ಹೆಸರು. ಇವರಿಗೆ ಏನಾದ್ರೂ ಅಧಿಕಾರ ಇದೆಯೋ, ಇಲ್ಲ ಬರೀ ರಬ್ಬರ್ ಸ್ಟಾಂಪೋ?"

ಹದಿನಾಲ್ಕು ವರ್ಷದಿಂದ ಇಲ್ಲಿದ್ದೇನೆ, ತಟ್ಟನೆ ಉತ್ತರ ಬರಲಿಲ್ಲ. ನಾವು ಪಿಆರ್, ಅಂದರೆ ಕಾಯಂ ನಿವಾಸಿಗಳು, ಓಟು ಹಾಕುವ ಹಾಗಿಲ್ಲ. 2023ರ ಸೆಪ್ಟೆಂಬರ್ 1ರಂದು ಚುನಾವಣೆ ಅಂತ ರಜ ಸಿಕ್ಕಿತ್ತು, ಮಧ್ಯಾಹ್ನದವರೆಗೆ ಮಲಗಿದ್ದೆ. ನೆನಪಿರುವುದು ತರ್ಮನ್ ಅವರ ಅನಾನಸ್ ಚಿಹ್ನೆ ಒಂದೇ. ಇಲ್ಲಿನ ಚೀನೀಯರಿಗೆ ಅನಾನಸ್ ಅಂದರೆ ಅದೃಷ್ಟ. ಅವರು 70 ಪರ್ಸೆಂಟ್ ಓಟು ತಗೊಂಡು ಗೆದ್ದರು.

ಆಮೇಲೆ ಒಂದಷ್ಟು ಓದಿ ಅಪ್ಪನಿಗೆ ಹೇಳಿದೆ. 1965ರಲ್ಲಿ ದೇಶ ಸ್ವತಂತ್ರವಾದ ಮೇಲೆ ಸುಮಾರು ಕಾಲು ಶತಮಾನ ಇಲ್ಲಿನ ಅಧ್ಯಕ್ಷರೂ ನಮ್ಮ ರಾಷ್ಟ್ರಪತಿಗಳ ಥರವೇ ಇದ್ದರು. ಸಂಸತ್ತು ಆರಿಸುತ್ತಿತ್ತು, ಅವರು ಸಹಿ ಹಾಕುತ್ತಿದ್ದರು. 1984ರಲ್ಲಿ ಆಗಿನ ಪ್ರಧಾನಿ ಲೀ ಕ್ವಾನ್ ಯೂ ಹೊಸ ಮಾತು ತೆಗೆದರು. ಮುಂದೆ ಎಂಥ ಸರ್ಕಾರ ಬರುತ್ತದೋ, ಕೂಡಿಟ್ಟ ದುಡ್ಡನ್ನೆಲ್ಲ ಓಟಿನ ಆಸೆಗೆ ಹಂಚಿಬಿಟ್ಟರೆ ಗತಿ ಏನು ಅನ್ನುವ ಭಯ ಅವರದು. 1991ರಲ್ಲಿ ಸಂವಿಧಾನ ತಿದ್ದಿದರು. ಅಧ್ಯಕ್ಷರನ್ನು ಇನ್ನು ಜನರೇ ಆರಿಸಬೇಕು. ಹಿಂದಿನ ಸರ್ಕಾರಗಳು ಉಳಿಸಿದ ದುಡ್ಡಿಗೆ ಈಗಿನ ಸರ್ಕಾರ ಕೈ ಹಾಕಬೇಕಾದರೆ ಅವರು ಒಪ್ಪಬೇಕು. ದೊಡ್ಡ ಹುದ್ದೆಗಳ ನೇಮಕಕ್ಕೂ ಅವರ ಒಪ್ಪಿಗೆ ಬೇಕು. ಇದಕ್ಕೆ ಇಲ್ಲಿನವರು ಹೇಳುವುದೇ 'ಎರಡನೇ ಕೀ' ಅಂತ.

ಅಪ್ಪ ಪೇಪರ್ ಮಡಿಸಿಟ್ಟರು. "ಜಾಯಿಂಟ್ ಕಸ್ಟಡಿ!"

ಅಪ್ಪ ಬ್ಯಾಂಕಿನಲ್ಲಿ ಹೆಡ್ ಕ್ಯಾಷಿಯರ್ ಆಗಿದ್ದವರು. ಸ್ಟ್ರಾಂಗ್ ರೂಮಿನ ಒಂದು ಕೀ ಮ್ಯಾನೇಜರ್ ಹತ್ತಿರ, ಇನ್ನೊಂದು ಅಪ್ಪನ ಹತ್ತಿರ. ಇಬ್ಬರೂ ಒಟ್ಟಿಗೆ ನಿಂತು ತಿರುಗಿಸಿದರೆ ಮಾತ್ರ ಬಾಗಿಲು ತೆಗೆಯುತ್ತಿತ್ತು. ನನ್ನ ನಾಮಕರಣದ ದಿನವೂ ಪುರೋಹಿತರನ್ನು ಕಾಯಿಸಿ, ಪಂಚೆಯಲ್ಲೇ ಸೈಕಲ್ ಹತ್ತಿ ಬ್ರಾಂಚಿಗೆ ಹೋಗಿ ಬಾಗಿಲು ತೆಗೆದುಕೊಟ್ಟು ಬಂದಿದ್ದರಂತೆ. ಅಮ್ಮ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

"ಸರಿ, ಒಳಗೆ ಎಷ್ಟಿದೆ ಅಂತ ಅಧ್ಯಕ್ಷರಿಗೆ ಲೆಕ್ಕ ಕೊಟ್ಟರಾ? ಸಂಜೆ ಎಣಿಸಿ ರಿಜಿಸ್ಟರಿಗೆ ಸಹಿ ಹಾಕದೆ ನಾನು ಯಾವತ್ತೂ ಕೀ ತಗೊಂಡು ಮನೆಗೆ ಬಂದವನಲ್ಲ."

ನಿಜಕ್ಕೂ ಗಲಾಟೆ ಆದದ್ದು ಅಲ್ಲೇ. ಜನರೇ ಆರಿಸಿದ ಮೊದಲ ಅಧ್ಯಕ್ಷರು ಓಂಗ್ ಟೆಂಗ್ ಚಿಯಾಂಗ್. 1993ರಲ್ಲಿ ಗೆದ್ದರು. ಓದಿದ್ದು ಆರ್ಕಿಟೆಕ್ಟ್, ಅದಕ್ಕೆ ಮೊದಲು ಉಪಪ್ರಧಾನಿ, ಅಂದರೆ ಆಳುವ ಪಕ್ಷದ ಸ್ವಂತ ಮನುಷ್ಯ. ತೆಪ್ಪಗಿರುತ್ತಾರೆ ಅಂತಲೇ ಎಲ್ಲರೂ ಅಂದುಕೊಂಡಿರಬೇಕು. ಅವರು ಹೋಗಿ ಮೊದಲು ಕೇಳಿದ್ದೇ, ನಾನು ಕಾಯಬೇಕಾದ ಆಸ್ತಿ ಏನೇನಿದೆ, ಪಟ್ಟಿ ಕೊಡಿ ಅಂತ. ಬಂದ ಉತ್ತರ ಏನು ಗೊತ್ತಾ? ಸರ್ಕಾರದ ಜಾಗ, ಕಟ್ಟಡಗಳಿಗೆಲ್ಲ ಬೆಲೆ ಕಟ್ಟಬೇಕಾದರೆ ಒಬ್ಬನೇ ಕೂತು ಮಾಡಿದರೆ 56 ವರ್ಷ ಹಿಡಿಯುವಷ್ಟು ಕೆಲಸ! ಅವರ ಅವಧಿಯೋ ಆರೇ ವರ್ಷ. ಆಮೇಲೆ ಒಂದು ಪಟ್ಟಿ ಬಂತು, ಅದೂ ಪೂರ್ತಿ ಇರಲಿಲ್ಲ ಅಂತ ಅವರೇ ಮುಂದೆ ಹೇಳಿಕೊಂಡರು. 1999ರಲ್ಲಿ ಅವಧಿ ಮುಗಿಯಿತು, ಮತ್ತೆ ನಿಲ್ಲಲಿಲ್ಲ.

ಈ ನಡುವೆ 1995ರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತ್ತು. ಅಧ್ಯಕ್ಷರ ಅಧಿಕಾರವನ್ನೇ ಕತ್ತರಿಸುವ ತಿದ್ದುಪಡಿ ಬಂದರೆ ಅಧ್ಯಕ್ಷರು ಅದನ್ನು ತಡೆಯಬಹುದಾ ಅಂತ. ಮೂವರು ನ್ಯಾಯಾಧೀಶರು ಕೂತು, ಆಗಿನ ಕಾನೂನಿನ ಪ್ರಕಾರ ಆಗಲ್ಲ ಅಂದರು. ಕೀ ನಿಮ್ಮದೇ, ಆದರೆ ಬೀಗ ಬದಲಾಯಿಸುವವರು ನಾವು ಅಂದ ಹಾಗಾಯಿತು, ಅಲ್ವಾ?

ಹಾಗಂತ ಆ ಕೀ ಸುಮ್ನೆ ತುಕ್ಕು ಹಿಡಿದು ಕೂತಿಲ್ಲ. 2009ರ ಆರ್ಥಿಕ ಕುಸಿತದಲ್ಲಿ ಆಗಿನ ಅಧ್ಯಕ್ಷ ಎಸ್.ಆರ್. ನಾಥನ್ ಮೊದಲ ಸಲ ಅದನ್ನು ತಿರುಗಿಸಿದರು. 4.9 ಬಿಲಿಯನ್ ಸಿಂಗಪುರ ಡಾಲರ್‌ಗೆ ಒಪ್ಪಿಗೆ ಕೊಟ್ಟರು. ತೆಗೆದ ದುಡ್ಡನ್ನು ಎರಡೇ ವರ್ಷದಲ್ಲಿ ವಾಪಸ್ ಇಟ್ಟರು. ಇದು ಕೇಳಿ ಅಪ್ಪನಿಗೆ ಭಾರಿ ಖುಷಿ. ಕೋವಿಡ್‌ನಲ್ಲಿ ಆಗಿನ ಅಧ್ಯಕ್ಷೆ ಹಲೀಮಾ ಯಾಕೂಬ್ 69 ಬಿಲಿಯನ್‌ವರೆಗೆ ಒಪ್ಪಿದ್ದರು, ಖರ್ಚಾಗಿದ್ದು ಸುಮಾರು 40. ಆ ದುಡ್ಡಿನ ಬಿಸಿ ನನಗೂ ತಾಗಿದೆ. 2020ರ ಏಪ್ರಿಲ್‌ನಲ್ಲಿ ನಮ್ಮ ಆಫೀಸಿನಲ್ಲಿ ಯಾರ ಕೆಲಸ ಹೋಗುತ್ತದೋ ಅಂತ ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ಆಗ ಇಲ್ಲಿನ ಪ್ರಜೆಗಳು, ಪಿಆರ್‌ಗಳ ಸಂಬಳದಲ್ಲಿ ಮೊದಲ 4,600 ಡಾಲರ್‌ನ 75 ಪರ್ಸೆಂಟ್ ಸರ್ಕಾರವೇ ಕಂಪನಿಗಳಿಗೆ ಕಟ್ಟಿಕೊಟ್ಟಿತು. ಕೆಲಸ ಉಳಿಯಿತು. ಹಾಗಾಗಿ ಈ ಕೀ ಬಗ್ಗೆ ಜಾಸ್ತಿ ಕೊಂಕು ಆಡುವ ಬಾಯಿ ನನಗಿಲ್ಲ.

ಆದರೆ ಒಂದು ಮಾತ್ರ ನುಂಗಲು ಕಷ್ಟ. ಕೀ ಕೊಟ್ಟ ಮೇಲೆ ಅದು ಯಾರ ಕೈ ಸೇರಬೇಕು ಅನ್ನುವ ಬಾಗಿಲು ಸಣ್ಣದಾಗುತ್ತಾ ಬಂತು. 2011ರಲ್ಲಿ ನಿಂತ ನಾಲ್ವರ ಹೆಸರೂ ಟಾನ್, ಟೋನಿ ಟಾನ್ ಗೆದ್ದದ್ದು ಏಳು ಸಾವಿರ ಚಿಲ್ಲರೆ ಓಟಿನಲ್ಲಿ. 2016ರಲ್ಲಿ ಮತ್ತೆ ತಿದ್ದುಪಡಿ. ಖಾಸಗಿ ಕಂಪನಿಯಿಂದ ಬಂದು ನಿಲ್ಲುವವರು 500 ಮಿಲಿಯನ್ ಡಾಲರ್ ಬಂಡವಾಳದ ಕಂಪನಿ ನಡೆಸಿರಬೇಕು. ಐದು ಅವಧಿ ಒಂದು ಸಮುದಾಯದವರು ಅಧ್ಯಕ್ಷರಾಗದೇ ಹೋದರೆ ಮುಂದಿನ ಚುನಾವಣೆ ಅವರಿಗೇ ಮೀಸಲು. ನಮಗೆ ಮೀಸಲಾತಿ ಹೊಸದಲ್ಲ, ಮಲಯರಿಗೆ ಅವಕಾಶ ಸಿಗಲಿ ಅನ್ನುವುದರಲ್ಲಿ ತಪ್ಪೂ ಕಾಣುವುದಿಲ್ಲ. ಆದರೆ ಹಾಗೆ ಮಲಯರಿಗೆ ಮೀಸಲಾದ 2017ರ ಚುನಾವಣೆಯಲ್ಲಿ ಅರ್ಹತೆ ಸಿಕ್ಕಿದ್ದು ಹಲೀಮಾ ಒಬ್ಬರಿಗೇ. ಮತದಾನವೇ ನಡೆಯಲಿಲ್ಲ. ಯಿಶುನ್‌ನಲ್ಲಿ ನಮ್ಮಂಥವರ ಹಾಗೆ ಸರ್ಕಾರ ಕಟ್ಟಿಸಿದ ಎಚ್‌ಡಿಬಿ ಫ್ಲಾಟಿನಲ್ಲಿದ್ದ ಹೆಂಗಸು, ದೇಶದ ಮೊದಲ ಮಹಿಳಾ ಅಧ್ಯಕ್ಷೆ. ಓಟು ಹಾಕಿ ಗೆಲ್ಲಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಅಪ್ಪ ಇದಕ್ಕೆಲ್ಲ ನಮ್ಮ ಜತ್ತಿಯವರನ್ನು ನೆನೆದರು. 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿದ್ದ ಬಿ.ಡಿ. ಜತ್ತಿ, ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜನೆಗೆ ಸಹಿ ಹಾಕಲು ಮೀನಮೇಷ ಎಣಿಸಿದ್ದರು, ಆಮೇಲೆ ಹಾಕಿದರು. "ನಮ್ಮವರಿಗೆ ಕೀನೇ ಇಲ್ಲ ಕಣೆ, ಪೆನ್ನು ಮಾತ್ರ. ಅದನ್ನ ಸ್ವಲ್ಪ ಹೊತ್ತು ಜೇಬಲ್ಲಿ ಇಟ್ಕೋಬಹುದು ಅಷ್ಟೆ."

ದೀಪಾವಳಿ ಸಮಯದ ಓಪನ್ ಹೌಸ್‌ಗೆ ಇಸ್ತಾನಾಗೆ ಕರೆದುಕೊಂಡು ಹೋದೆ. ಅಧ್ಯಕ್ಷರ ಅರಮನೆ ಅದು, ಹಬ್ಬಗಳಿಗೆ ಜನರಿಗೆ ತೆರೆದಿರುತ್ತದೆ. ಮೆಟ್ರೋ ಇಳಿಯುವುದು ಧೋಬಿ ಘಾಟ್ ಸ್ಟೇಷನ್ನಿನಲ್ಲಿ. ಹಿಂದೆ ಇಂಡಿಯಾದಿಂದ ಬಂದ ಅಗಸರು ಅಲ್ಲಿ ಬಟ್ಟೆ ಒಗೆಯುತ್ತಿದ್ದರಂತೆ. ಹುಲ್ಲುಹಾಸಿನ ಮೇಲೆ ಅಪ್ಪ ಕೈ ಹಿಂದೆ ಕಟ್ಟಿಕೊಂಡು, ಬ್ರಾಂಚ್ ಇನ್‌ಸ್ಪೆಕ್ಷನ್‌ಗೆ ಬಂದವರ ಹಾಗೆ ಸುತ್ತಾಡಿದರು.

ವಾಪಸ್ ಬರುವಾಗ ಹಾಕರ್ ಸೆಂಟರಿನಲ್ಲಿ ಕೊಪಿ ಕುಡಿದೆವು. ಕಂಡೆನ್ಸ್ಡ್ ಮಿಲ್ಕ್ ಹಾಕಿದ ಕಾಫಿ, ಅಪ್ಪನಿಗೆ ಒಗ್ಗಲಿಲ್ಲ. ದುಡ್ಡು ಕೊಡುವಾಗ ನೋಟಿನ ಮೇಲಿನ ಮುಖ ನೋಡಿ ಯಾರಿವರು ಅಂದರು. ಯೂಸುಫ್ ಇಶಾಕ್, ಮೊದಲ ಅಧ್ಯಕ್ಷರು, ಅಂದೆ.

"ಇವರ ಹತ್ರ ಕೀ ಇತ್ತಾ?"

"ಇಲ್ಲಪ್ಪ. ಆಗಿನ್ನೂ ಕೀ ಮಾಡಿಸಿರಲಿಲ್ಲ."

"ಆದರೂ ಎಲ್ಲಾ ನೋಟಿನ ಮೇಲೂ ಇವರೇ ಇದಾರೆ" ಅಂದು, ಅಂಗಡಿಯಾಕೆ ಕೊಟ್ಟ ಚಿಲ್ಲರೆಯನ್ನು ಎರಡು ಸಲ ಎಣಿಸಿ ಜೇಬಿಗೆ ಹಾಕಿಕೊಂಡರು.