ಹನಿ ಬೀಳುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ

ಹಿಂದಿನ ಸಂಜೆ ಟ್ಯಾಂಕ್ ಫುಲ್ ಮಾಡಿಸಿ ನಿಲ್ಲಿಸಿದ್ದ ಹಳೇ ಪಿಕಪ್. ಬೆಳಿಗ್ಗೆ ಹತ್ತಿರ ಹೋದರೆ ಮೂಗಿಗಡರುವ ಪೆಟ್ರೋಲ್ ವಾಸನೆ, ಟ್ಯಾಂಕಿನ ಕೆಳಗೆ ಅಂಗೈಯಗಲ ಒದ್ದೆ. ಎರಡು ದಿನ ಓಡಿಸಿದ ಮೇಲೆ ವಾಸನೆಯೂ ಇಲ್ಲ, ಹನಿಯೂ ಇಲ್ಲ. ಮತ್ತೆ ಫುಲ್ ಮಾಡಿಸಿದರೆ ಮತ್ತೆ ಅದೇ ಕಥೆ. ಟ್ಯಾಂಕಿನ ಅಂಚಿನ ಜೋಡಣೆಗೆ ಯಾರೋ ಹಿಂದೆಯೇ ಎಪಾಕ್ಸಿ ಮೆತ್ತಿದ್ದರು, ಅದೂ ಎರಡು ಪದರ. ಹನಿ ಬೀಳುತ್ತಿದ್ದದ್ದು ಅಲ್ಲಿಂದಲೇ, ನಿಜ. ಸೋರುತ್ತಿದ್ದದ್ದು ಮಾತ್ರ ಅಲ್ಲಿಂದಲ್ಲ.

ಇಂಥ ಕೆಲಸದಲ್ಲಿ ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಮೊದಲು ಯಾವಾಗ ಸೋರುತ್ತಿದೆ ಎಂದು ಕೇಳಬೇಕು. ಟ್ಯಾಂಕ್ ತುಂಬಿದಾಗ ಮಾತ್ರವಾದರೆ ತಪ್ಪು ಮೇಲ್ಭಾಗದಲ್ಲಿದೆ: ಪೆಟ್ರೋಲ್ ತುಂಬುವ ಫಿಲ್ಲರ್ ಹೋಸ್, ಗಾಳಿಯಾಡುವ ಬ್ರೀದರ್ ಪೈಪ್, ಪೆಟ್ರೋಲ್ ಮಟ್ಟ ಅಳೆಯುವ ಗೇಜ್ ಯೂನಿಟ್ ಅಥವಾ ಪಂಪ್ ಕೂರುವ ಬಾಯಿಯ ಸೀಲ್. ಕಾಲು ಟ್ಯಾಂಕ್ ಇದ್ದಾಗಲೂ ಸೋರಿದರೆ ತಳದ ತುಕ್ಕು, ಡ್ರೈನ್ ಪ್ಲಗ್ ಅಥವಾ ಕೆಳಗಿನ ಬೆಸುಗೆ. ಎಂಜಿನ್ ಓಡುವಾಗ ಮಾತ್ರ ತೊಟ್ಟಿಕ್ಕಿದರೆ ಟ್ಯಾಂಕನ್ನು ಬಿಟ್ಟು ಎಂಜಿನ್ನಿಗೆ ಪೆಟ್ರೋಲ್ ಒಯ್ಯುವ ಲೈನ್ ನೋಡಬೇಕು. ಫಿಲ್ಟರಿನ ಎರಡು ಕಡೆಯ ಜೋಡಣೆ, ಚಾಸಿಸ್ ಮೇಲೆ ಕ್ಲಿಪ್ ಹಿಡಿದ ಜಾಗದಲ್ಲಿ ತುಕ್ಕು ಹಿಡಿದ ಪೈಪು, ಮಿಕ್ಕ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಲೈನಿನ ರಬ್ಬರ್ ತುಂಡು. ಇಳಿಜಾರಿನಲ್ಲಿ ನಿಲ್ಲಿಸಿದಾಗ ಮಾತ್ರವಾದರೆ ಮೂತಿ ಯಾವ ಕಡೆಗಿತ್ತು ಎಂದು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಈ ಗಾಡಿಯ ಉತ್ತರ ಮೊದಲನೆಯದು. ಅಂದರೆ ಆ ಎಪಾಕ್ಸಿ ಎರಡೂ ಸಲ ದಂಡ.

ಖಚಿತ ಮಾಡಿಕೊಳ್ಳಲು ಟಾಲ್ಕಂ ಪೌಡರ್ ಸಾಕು. ಟ್ಯಾಂಕಿನ ಪಕ್ಕಗಳನ್ನೂ ಅಂಚನ್ನೂ ಒಣ ಬಟ್ಟೆಯಿಂದ ಒರೆಸಿ ತೆಳ್ಳಗೆ ಉದುರಿಸಿ ಅರ್ಧ ಗಂಟೆ ಬಿಡಬೇಕು. ಒದ್ದೆ ಹರಿದ ದಾರಿ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಇಲ್ಲಿ ಗೆರೆ ಶುರುವಾದದ್ದು ಟ್ಯಾಂಕನ್ನು ಹಿಡಿದಿರುವ ಮುಂದಿನ ಪಟ್ಟಿಯ ಪಕ್ಕ, ಮೇಲಿನಿಂದ. ಅಲ್ಲಿಂದ ಜೋಡಣೆಯ ಅಂಚಿಗೆ ಇಳಿದು, ಅಂಚಿನುದ್ದಕ್ಕೂ ಒಂದು ಮೊಳ ಸಾಗಿ, ತಗ್ಗಿನ ಮೂಲೆಯಲ್ಲಿ ಹನಿಯಾಗಿತ್ತು. ಪೆಟ್ರೋಲ್ ಬಲು ತೆಳು. ಲೋಹದ ಅಂಚು ಸಿಕ್ಕರೆ ಅದನ್ನೇ ಹಿಡಿದು ದೂರ ಹೋಗುತ್ತದೆ.

ಬಿಚ್ಚುವ ಮೊದಲು ಜಾಗ ನೋಡಿಕೊಳ್ಳಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆಯೇ ಹರಡಿ ತಗ್ಗಿನಲ್ಲಿ ಕೂರುತ್ತದೆ. ಆದ್ದರಿಂದ ಸರ್ವಿಸ್ ಗುಂಡಿ ಬೇಡವೇ ಬೇಡ, ಬಯಲಲ್ಲೇ ಕೆಲಸ. ತಂತಿ ಬಲ್ಬಿನ ದೀಪ ಕೈಜಾರಿ ಒಡೆದರೆ ಅದೇ ಕಿಡಿ, ಹಾಗಾಗಿ ಎಲ್‌ಇಡಿ ಟಾರ್ಚ್. ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿ ಇರಬೇಕು. ಇಂಜೆಕ್ಷನ್ ಗಾಡಿಯಲ್ಲಿ ಎಂಜಿನ್ ನಿಂತ ಮೇಲೂ ಲೈನಿನಲ್ಲಿ ಒತ್ತಡ ಉಳಿದಿರುತ್ತದೆ, ಸಾಮಾನ್ಯವಾಗಿ 3ರಿಂದ 4 ಬಾರ್. ಒದ್ದೆ ಪೂರ್ತಿ ಆರಿದ ಮೇಲೆ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ಸ್ಟಾರ್ಟ್ ಮಾಡಿ ತಾನಾಗಿ ಸಾಯುವವರೆಗೆ ಬಿಟ್ಟು, ಆಮೇಲೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಬೇಕು. ಈ ಕ್ರಮ ಉಲ್ಟಾ ಆದರೆ ಹೋಸ್ ಬಿಚ್ಚಿದ ಕೂಡಲೇ ಪೆಟ್ರೋಲ್ ಮುಖಕ್ಕೆ ಚಿಮ್ಮುತ್ತದೆ.

ಟ್ಯಾಂಕ್ ಖಾಲಿ ಮಾಡಲು ಕೈಪಂಪು. ಬಾಯಿಂದ ಎಳೆಯುವ ಹಳೇ ಚಾಳಿ ಬಿಟ್ಟುಬಿಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಆಸ್ಪತ್ರೆ. ಲೋಹದ ಡಬ್ಬ ನೆಲದ ಮೇಲೆಯೇ ಇರಲಿ, ಅದಕ್ಕೂ ಚಾಸಿಸ್ಸಿಗೂ ಒಂದು ತಂತಿ ಕಟ್ಟಿದರೆ ಸ್ಟ್ಯಾಟಿಕ್ ಕಿಡಿಯ ಭಯವಿಲ್ಲ. ಒಂದು ಲೀಟರ್ ಪೆಟ್ರೋಲ್ ಸುಮಾರು ಮುಕ್ಕಾಲು ಕಿಲೋ ತೂಗುತ್ತದೆ. 40 ಲೀಟರ್ ಇರುವ ಟ್ಯಾಂಕ್ ಇಳಿಸಲು ಹೋದರೆ 30 ಕಿಲೋ ದ್ರವ ಒಂದು ಕಡೆಗೆ ನುಗ್ಗಿ ಜಾಕ್ ಮೇಲಿಂದ ಮಗುಚುತ್ತದೆ.

ಇಳಿಸಲೇಬೇಕೇ ಎಂಬುದು ಬೇರೆ ಮಾತು. ಪಿಕಪ್ಪಿನಲ್ಲಿ ಟ್ಯಾಂಕಿನ ಮೇಲ್ಭಾಗ ತಲುಪಲು ಇನ್ನೊಂದು ದಾರಿಯಿದೆ, ಲೋಡ್ ಬಾಡಿಯನ್ನೇ ಎತ್ತುವುದು. ಹೆಚ್ಚಿನ ಗಾಡಿಗಳಲ್ಲಿ ಅದನ್ನು ಹಿಡಿದಿರುವುದು ಆರೋ ಎಂಟೋ ಬೋಲ್ಟು. ಫಿಲ್ಲರ್ ಬಾಯಿಯ ಸ್ಕ್ರೂ, ಹಿಂದಿನ ಲೈಟಿನ ಕನೆಕ್ಟರ್, ಅರ್ತ್ ವೈರ್ ಬಿಚ್ಚಿ, ಒಂದು ಪಕ್ಕದ ಬೋಲ್ಟ್ ಪೂರ್ತಿ ತೆಗೆದು ಇನ್ನೊಂದು ಪಕ್ಕದ್ದನ್ನು ಸಡಿಲಿಸಿ ಓರೆಯಾಗಿ ಎತ್ತಿ, ಎರಡು ಕಡೆ ದಪ್ಪ ಮರದ ತುಂಡು ಕೊಟ್ಟರೆ ಕೈ ಆಡುವಷ್ಟು ಜಾಗ ಸಿಗುತ್ತದೆ. ಬರೀ ಜಾಕ್ ನಂಬಿ ಅದರಡಿ ಕೈ ಹಾಕಬಾರದು. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ದಿನವೇ ಎಣ್ಣೆ ಬಿಟ್ಟಿರಬೇಕು. ಟ್ಯಾಂಕ್ ಪಟ್ಟಿಯ ಬೋಲ್ಟ್ ತುಂಡಾಗುವುದರ ರಗಳೆ ಗೊತ್ತಿದ್ದವರು ಬಾಡಿ ಎತ್ತುವುದನ್ನೇ ಆರಿಸುತ್ತಾರೆ.

ಎತ್ತಿದ ಮೇಲೆ ಕಂಡದ್ದು ಎರಡು ಬೆರಳು ದಪ್ಪದ ಒಣ ಮಣ್ಣು. ಗೇಜ್ ಯೂನಿಟ್ಟಿನ ಸುತ್ತ ಮಾತ್ರ ಅದೇ ಮಣ್ಣು ಕಪ್ಪಾಗಿ, ಅಂಟಾಗಿತ್ತು. ಬಿಚ್ಚುವ ಮೊದಲು ಈ ಮಣ್ಣನ್ನೆಲ್ಲ ಬ್ರಷ್ ಹಾಕಿ ತೆಗೆಯಬೇಕು, ಇಲ್ಲದಿದ್ದರೆ ಅಷ್ಟೂ ಟ್ಯಾಂಕಿನೊಳಗೆ, ಅಲ್ಲಿಂದ ಪಂಪಿಗೆ. ಯೂನಿಟ್ಟನ್ನು ಬಿಗಿಹಿಡಿದ ಲಾಕ್ ರಿಂಗನ್ನು ಹಿತ್ತಾಳೆಯ ಪಂಚ್ ಅಥವಾ ಗಟ್ಟಿ ಮರದ ತುಂಡಿಟ್ಟು ಸ್ವಲ್ಪ ಸ್ವಲ್ಪವೇ ತಟ್ಟಿ ತಿರುಗಿಸಬೇಕು. ಉಕ್ಕಿನ ಸ್ಕ್ರೂಡ್ರೈವರ್ ಇಟ್ಟು ಹೊಡೆದರೆ ಕಿಡಿ.

ರಿಂಗಿನ ಕೆಳಗೆ ಓ-ರಿಂಗ್, ಅಂದರೆ ಸೀಲಾಗಿ ಕೂರುವ ರಬ್ಬರ್ ಬಳೆ, ಚಪ್ಪಟೆಯಾಗಿ ಬಿರುಸಾಗಿತ್ತು, ಮಡಚಿದರೆ ಮುರಿಯುವಂತೆ. ಅದರ ಮೇಲೆ ಯಾರೋ ಸಿಲಿಕಾನ್ ಬಳಿದಿದ್ದರು. ಪೆಟ್ರೋಲಿಗೆ ಮಾಮೂಲಿ ಸಿಲಿಕಾನ್ ಆಗುವುದಿಲ್ಲ. ಉಬ್ಬಿ, ಮೆತ್ತಗಾಗಿ, ನೂಲಿನಂತೆ ಎದ್ದು ಬರುತ್ತದೆ. ಬಂದ ಆ ನೂಲು ಪಂಪಿನ ಜಾಲರಿಗೆ ಸುತ್ತಿಕೊಳ್ಳುತ್ತದೆ. ಅದನ್ನೆಲ್ಲ ಕೆರೆದು, ಓ-ರಿಂಗ್ ಕೂರುವ ತೋಡನ್ನು ಬಟ್ಟೆಯಿಂದ ಒರೆಸಿ, ಬೆರಳಾಡಿಸಿ ನೋಡಬೇಕು. ತುಕ್ಕಿನ ಗುಳಿ ಉಗುರಿಗೆ ತಾಗಿದರೆ ಹೊಸ ಓ-ರಿಂಗೂ ನಿಲ್ಲುವುದಿಲ್ಲ. ಇಲ್ಲಿ ನುಣ್ಣಗಿತ್ತು. ಹೊಸ ಓ-ರಿಂಗಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ ಕೂರಿಸಿದ್ದಾಯಿತು. ಒಣದಾಗಿ ಕೂರಿಸಿದರೆ ಲಾಕ್ ರಿಂಗ್ ತಿರುಗುವಾಗ ಓ-ರಿಂಗ್ ತಿರುಚಿಕೊಳ್ಳುತ್ತದೆ.

ಬಾಡಿ ಎದ್ದಿರುವಾಗಲೇ ಉಳಿದ ಹೋಸುಗಳನ್ನು ಬಗ್ಗಿಸಿ ನೋಡಬೇಕು. ನೇರವಾಗಿದ್ದಾಗ ಚೆನ್ನಾಗಿ ಕಾಣುವ ಫಿಲ್ಲರ್ ಹೋಸ್, ಬಗ್ಗಿಸಿದಾಗ ಒಣಗಿದ ಕೆರೆಯಂತೆ ಬಿರುಕು ತೋರಿಸಿತು. ಅದನ್ನೂ ಬದಲಿಸಬೇಕಾಯಿತು. ಸಣ್ಣ ಹೋಸ್ ತರುವಾಗ ಮೇಲೆ ಅಚ್ಚಾದ ಅಕ್ಷರ ಓದಿ: ಕಾರ್ಬ್ಯುರೇಟರ್ ಗಾಡಿಗೆ ಎಸ್‌ಎಇ ಜೆ30ಆರ್7 ನಡೆಯುತ್ತದೆ, ಇಂಜೆಕ್ಷನ್ ಲೈನಿಗೆ ಜೆ30ಆರ್9 ಬೇಕು, ಟ್ಯಾಂಕಿನೊಳಗೆ ಮುಳುಗುವ ತುಂಡಿಗೆ ಜೆ30ಆರ್10. ಹೊರಗಿನ ಹೋಸನ್ನು ಒಳಗೆ ಹಾಕಿದರೆ ಹೊರಮೈ ಪೆಟ್ರೋಲಿನಲ್ಲಿ ಕರಗುತ್ತಾ ಹೋಗುತ್ತದೆ.

ಪಟ್ಟಿಯ ಕೆಳಗೂ ಒಮ್ಮೆ ನೋಡಬೇಕು. ಅಲ್ಲಿನ ರಬ್ಬರ್ ನೀರು ಹಿಡಿದುಕೊಂಡು ಟ್ಯಾಂಕಿನ ತಗಡನ್ನು ಹೊರಗಿನಿಂದ ತಿನ್ನುತ್ತದೆ. ತಿಂಗಳುಗಟ್ಟಲೆ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಯಲ್ಲಿ ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳ ಸೇರಿ ಒಳಗಿನಿಂದ ತಿನ್ನುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ತಗಡು ಬಳುಕುವಂತಿದ್ದರೆ ಅಂಟು, ಲೇಪ ಯಾವುದೂ ಬೇಡ, ಟ್ಯಾಂಕನ್ನೇ ಬದಲಿಸಿ. ದಾರಿಯಲ್ಲಿ ಸೂಜಿಮೊನೆಯಷ್ಟು ತೂತು ಕಂಡರೆ ಒಣ ಸ್ನಾನದ ಸೋಪು ಉಜ್ಜಿ ಮನೆ ಸೇರಬಹುದು. ಪೆಟ್ರೋಲಿಗೆ ಸೋಪು ಕರಗದು, ಆದರೆ ಅದು ದುರಸ್ತಿಯಲ್ಲ. ವೆಲ್ಡಿಂಗ್ ಮಾತಂತೂ ಎತ್ತಲೇಬಾರದು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ, ಗಾಳಿಯಲ್ಲಿ ಸುಮಾರು 1.4ರಿಂದ 7.6 ಶೇಕಡಾ ಆವಿ ಇದ್ದರೆ ಸಾಕು, ಅದು ಬಾಂಬು.

ಎಲ್ಲ ಜೋಡಿಸಿ ಮೊದಲು 5 ಲೀಟರ್ ಮಾತ್ರ ಹಾಕಿ, ಕೀ ಆನ್ ಮಾಡಿ ಪಂಪು ಓಡಿಸಿ, ಲೈನಿನ ಜೋಡಣೆಗಳನ್ನು ಒಣ ಬೆರಳಿಂದ ಮುಟ್ಟಿ ನೋಡಿದಾಗ ಒದ್ದೆ ಇರಲಿಲ್ಲ. ಫುಲ್ ಮಾಡಿದ ಮೇಲೆ ಬಂತು ನೋಡಿ, ಫಿಲ್ಲರ್ ಹೋಸಿನ ಕೆಳತುದಿಯಲ್ಲಿ ಮತ್ತೆ ಒಂದು ಹನಿ. ಹೋಸ್ ಹೊಸದು, ಕ್ಲಾಂಪ್ ಹೊಸದು, ಬಿಗಿಯೂ ಆಗಿತ್ತು. ತಪ್ಪು ಕೂತ ಜಾಗದ್ದು. ಪೈಪಿನ ತುದಿಯಲ್ಲಿ ಒಂದು ಉಬ್ಬು ಬಳೆ ಇರುತ್ತದೆ. ಕ್ಲಾಂಪ್ ಅದನ್ನು ದಾಟಿ ಆಚೆಗೆ ಕೂರಬೇಕು. ಇದು ಸರಿಯಾಗಿ ಉಬ್ಬಿನ ನೆತ್ತಿಯ ಮೇಲೆ ಕೂತು ಒಂದು ಪಕ್ಕ ಹೋಸನ್ನು ಎತ್ತಿ ಹಿಡಿದಿತ್ತು. ಸಡಿಲಿಸಿ ಅರ್ಧ ಇಂಚು ಸರಿಸಿ ಬಿಗಿದದ್ದೇ ತಡ, ಹನಿ ನಿಂತಿತು.

ಆಮೇಲೆ ಗಾಡಿಯನ್ನು ಒಂದು ರಾತ್ರಿ ಮೂತಿ ಮೇಲಾಗಿ, ಇನ್ನೊಂದು ರಾತ್ರಿ ಮೂತಿ ಕೆಳಗಾಗಿ ನಿಲ್ಲಿಸಿ, ಅಡಿಯಲ್ಲಿ ರಟ್ಟು ಹಾಸಿದ್ದಾಯಿತು. ಅಂಚಿನ ಮೇಲೆ ಉದುರಿಸಿದ್ದ ಪೌಡರ್ ಎರಡನೇ ಬೆಳಿಗ್ಗೆಯೂ ಬೆಳ್ಳಗೇ ಇತ್ತು, ಹಳೇ ಎಪಾಕ್ಸಿಯ ಸುತ್ತಲೂ.