ಕನ್ನಡ ಸ್ಪೆಲ್‌ಚೆಕ್: ಉಕಾರಾಂತ ಪದಗಳು ಸೇರಿದವು

ಉಕಾರಾಂತ ನಾಮಪದಗಳ ವಿಭಕ್ತಿ ನಿಯಮಗಳು ಕೊನೆಗೂ ನಮ್ಮ ಪದಕೋಶಕ್ಕೆ ಸೇರಿದವು. ಉಡುಪಿಯಲ್ಲಿ ಕೆಲವರು ಬಿಡುವಿನಲ್ಲಿ ಕೈಗೆತ್ತಿಕೊಂಡಿರುವ ಈ ಕೆಲಸದಲ್ಲಿ ನಮ್ಮನ್ನು ಹೆಚ್ಚು ಸತಾಯಿಸಿದ ಭಾಗ ಇದೇ.

ನಾವು ಬಳಸುತ್ತಿರುವುದು ಹನ್‌ಸ್ಪೆಲ್ ಎಂಬ ಮುಕ್ತ ಸ್ಪೆಲ್‌ಚೆಕ್ ತಂತ್ರಾಂಶ. ಅದು ಎರಡು ಕಡತಗಳನ್ನು ಓದುತ್ತದೆ: ಒಂದರಲ್ಲಿ ಮೂಲಪದಗಳು, ಇನ್ನೊಂದರಲ್ಲಿ ಪ್ರತ್ಯಯ ಹತ್ತುವ ನಿಯಮಗಳು. 'ಕಾಡು' ಪದಕ್ಕೆ 'ಅನ್ನು' ಹತ್ತಿದರೆ ಕೊನೆಯ ಉಕಾರ ಬಿದ್ದು 'ಕಾಡನ್ನು' ಆಗುತ್ತದೆ. 'ಗುರು' ಹಾಗಲ್ಲ, ಉಕಾರ ಉಳಿದು, ನಡುವೆ ವಕಾರ ಬಂದು 'ಗುರುವನ್ನು' ಆಗುತ್ತದೆ. ಕೊನೆಯ ಅಕ್ಷರವನ್ನಷ್ಟೇ ನೋಡುವ ನಿಯಮಕ್ಕೆ ಈ ಭೇದ ತಿಳಿಯದು. ಕುಂದಾಪುರದ ಕಡೆಯ ಕನ್ನಡ ಅಧ್ಯಾಪಕಿಯೊಬ್ಬರು ದಾರಿ ತೋರಿಸಿದರು: ಹಸು, ಕರು, ಮಗು ಮೊದಲಾದ ಎರಡೇ ಹ್ರಸ್ವಾಕ್ಷರಗಳ ಪದಗಳಲ್ಲಿ ಉಕಾರ ಉಳಿಯುತ್ತದೆ, ವಸ್ತು, ಶತ್ರು ಮೊದಲಾದ ಸಂಸ್ಕೃತ ಪದಗಳಲ್ಲೂ ಉಳಿಯುತ್ತದೆ, ಊರು, ಮಾತು, ಹೆಸರುಗಳಲ್ಲಿ ಬೀಳುತ್ತದೆ. 'ಅದು', 'ಇದು' ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಅವುಗಳ ರೂಪಗಳನ್ನು ಬಿಡಿಬಿಡಿಯಾಗಿ ಸೇರಿಸಿದ್ದೇವೆ.

ಅವರು ಪ್ರೋಗ್ರಾಮಿಂಗ್ ಕಲಿತವರಲ್ಲ. ಆದರೂ ನಿಯಮಗಳ ಕಡತವನ್ನು ತೆರೆದು ಓದಿದರು, ಒಪ್ಪದ ಸಾಲುಗಳನ್ನು ಗುರುತಿಸಿದರು, ಪ್ರತಿಯೊಂದಕ್ಕೂ ಕಾರಣ ಬರೆದರು. ಆ ಕಾರಣಗಳೆಲ್ಲ ಬದಲಾವಣೆಯ ಟಿಪ್ಪಣಿಯಲ್ಲಿಯೇ ಉಳಿದಿವೆ. ಮುಂದೆ ಯಾರಾದರೂ 'ಹುಳುವನ್ನು', 'ಹುಳವನ್ನು' ಎರಡನ್ನೂ ಏಕೆ ಒಪ್ಪಿದ್ದೀರಿ ಎಂದು ಕೇಳಿದರೆ ನಮ್ಮನ್ನು ಹುಡುಕಿಕೊಂಡು ಬರಬೇಕಾಗಿಲ್ಲ.

ನನ್ನ ಹಗಲಿನ ಕೆಲಸ ಮಂಗಳೂರಿನಲ್ಲಿ, ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡುವ ಕಚೇರಿಯಲ್ಲಿ. ಅಲ್ಲಿಯೂ ಶ್ರದ್ಧೆಗೆ ಕೊರತೆಯಿಲ್ಲ. ಆದರೆ ಏನು ಮಾಡಬೇಕು, ಯಾವಾಗ ಮುಗಿಯಬೇಕು ಎಂಬುದನ್ನು ಗಿರಾಕಿ ಮತ್ತು ಕ್ಯಾಲೆಂಡರ್ ತೀರ್ಮಾನಿಸುತ್ತವೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಬಿಲ್ಲು ಅಂದಿನಿಂದಲೇ ಹೊಸ ತೆರಿಗೆಯಂತೆ ಬರಬೇಕಿತ್ತು, ಬೇರೆ ಮಾತಿಲ್ಲ. ಒಂದು ನಿಯಮ ಹೀಗೇಕಿದೆ ಎಂಬುದು ಫೋನಿನಲ್ಲಿ ಮಾತನಾಡಿದವರಿಗಷ್ಟೇ ಗೊತ್ತು. ಅವರು ಕೆಲಸ ಬಿಟ್ಟರೆ ಕಾರಣವೂ ಅವರೊಂದಿಗೆ ಹೋಗುತ್ತದೆ. ನನ್ನ ಮಟ್ಟಿಗೆ ಎರಡೂ ಬಗೆಯ ಕೆಲಸಗಳ ನಡುವಿನ ದೊಡ್ಡ ಅಂತರ ಇದು. ದುಡ್ಡಿನ ಪ್ರಶ್ನೆ ಆಮೇಲಿನದು.

ಹನ್‌ಸ್ಪೆಲ್‌ನ ಹುಟ್ಟನ್ನೇ ನೋಡಿ. ಲಾಸ್ಲೊ ನೇಮೆತ್ ಅದನ್ನು ರೂಪಿಸಿದ್ದು ಹಂಗೇರಿಯನ್ ಭಾಷೆಗಾಗಿ, ಮೈಸ್ಪೆಲ್ ಎಂಬ ಹಳೆಯ ಮುಕ್ತ ತಂತ್ರಾಂಶದ ಮೇಲೆ. ಹಂಗೇರಿಯನ್ನಿನಲ್ಲೂ ಕನ್ನಡದಂತೆ ಪ್ರತ್ಯಯಗಳು ಒಂದರ ಹಿಂದೊಂದು ಸೇರುತ್ತವೆ. ಇವತ್ತು ಅದು ಲಿಬ್ರೆಆಫೀಸ್, ಫೈರ್‌ಫಾಕ್ಸ್‌ಗಳಲ್ಲಿದೆ. ಕನ್ನಡಕ್ಕೆ ಮಾರುಕಟ್ಟೆ ಇದೆಯೇ ಎಂದು ಯಾರೂ ಲೆಕ್ಕ ಹಾಕಲಿಲ್ಲ. ಮೂಲಸಂಕೇತ ತೆರೆದಿದ್ದುದರಿಂದ ನಮಗೂ ದಕ್ಕಿತು.

ಹಾಗೆಂದು ಕಚೇರಿಯ ಕೆಲಸವನ್ನು ಕೀಳಾಗಿ ಕಾಣಲಾರೆ. ಬೆಳಿಗ್ಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಜನ ನಿಂತಿರುವಾಗ ಬಿಲ್ಲಿಂಗ್ ನಿಂತರೆ, ಫೋನೆತ್ತಿ ಉತ್ತರಿಸಲು ಹೊಣೆಗಾರರೊಬ್ಬರು ಇರಲೇಬೇಕು. ತಂತ್ರಾಂಶವನ್ನು ಯಾರು ಬೇಕಾದರೂ ಬಳಸಿ ತಿದ್ದಲು ಬಿಡುವ ಜಿಪಿಎಲ್‌ನಂತಹ ಮುಕ್ತ ಪರವಾನಗಿಗಳು ಯಾವ ಖಾತರಿಯೂ ಇಲ್ಲವೆಂದು ನೇರವಾಗಿ ಹೇಳುತ್ತವೆ. ನಮ್ಮ ಪದಕೋಶದಲ್ಲಿ ತಪ್ಪು ಕಂಡವರಿಗೆ ನಾವು ಕೊಡಬಹುದಾದದ್ದು ತಿದ್ದುವ ಹಕ್ಕು ಮತ್ತು ನಮ್ಮ ಸಂಜೆಯ ಹೊತ್ತು.

ಮುಂದಿನ ಹಂತ ಕ್ರಿಯಾಪದಗಳು. 'ಮಾಡು' ಸುಲಭ. 'ಬರು', 'ತರು', 'ಕೊಳ್ಳು' ಹಾಗಲ್ಲ: ಬಂದನು, ತಂದನು, ಕೊಂಡನು ಎಂದು ಭೂತಕಾಲದಲ್ಲಿ ಧಾತುವೇ ಬದಲಾಗುತ್ತದೆ. ಇಂಥ ಧಾತುಗಳ ಪಟ್ಟಿ ಮಾಡುತ್ತಿದ್ದೇವೆ. ವ್ಯಾಕರಣ ಬಲ್ಲವರು ಬಂದರೆ ಮೊದಲು ಆ ಪಟ್ಟಿಯನ್ನೇ ಕೈಗಿಡುತ್ತೇವೆ.