ಕೆಂಪು ಕಣ್ಣಿನ ಮೊಲ

ಇಂದು ಮಧ್ಯಾಹ್ನ, ವಿಜಯಪುರದ ಈ ಬಿಸಿಲಿನಲ್ಲಿ, ಪಕ್ಕದ ಮನೆಯವರ ಬಿಳಿ ಮೊಲ ನಮ್ಮ ಅಂಗಳಕ್ಕೆ ಬಂದಿತ್ತು. ಗೇಣು ದೂರದಲ್ಲಿ ಮೆಂತ್ಯ ಸೊಪ್ಪನ್ನು ಇಟ್ಟರೂ ಅದು ಕೂಡಲೇ ಬಾಯಿ ಹಾಕದೆ, ತಲೆಯನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತೂಗುತ್ತ ಕುಳಿತಿತು.

"ಕಾಕಾ, ಇದು ಯಾಕ ಹಿಂಗ ತಲಿ ತೂಗತೈತಿ, ದೆವ್ವ ಬಡದೈತೇನು?" ಎಂದು ಅವರ ಮಗಳು ಕೇಳಿದಳು.

ದೆವ್ವವಲ್ಲ, ಮೆಲನಿನ್ ಎಂಬ ವರ್ಣದ್ರವ್ಯದ ಕೊರತೆ. ಅದು ಇಲ್ಲದ ಕಣ್ಣಿನಲ್ಲಿ ಹೆಚ್ಚಿನ ಬೆಳಕನ್ನು ತಡೆಯುವುದಕ್ಕೂ ಒಳಗೆ ಬಂದದ್ದನ್ನು ಹೀರಿಕೊಳ್ಳುವುದಕ್ಕೂ ಏನೂ ಇರುವುದಿಲ್ಲವಾದ್ದರಿಂದ ಬೆಳಕು ಚದುರಿ ನೋಟ ಮಸುಕಾಗುತ್ತದೆ. ರಕ್ತನಾಳಗಳ ಕೆಂಪು ಹೊರಗೆ ಕಾಣುತ್ತದೆ. ನನಗೆ ಇನ್ನೂ ಸೋಜಿಗವೆನಿಸುವುದು ನರಗಳ ವಿಷಯ: ಕಣ್ಣಿನಿಂದ ಅದೇ ಬದಿಯ ಮಿದುಳಿಗೆ ಹೋಗಬೇಕಾದ ಎಳೆಗಳಲ್ಲಿ ಹಲವು ದಾರಿ ತಪ್ಪಿ ಎದುರು ಬದಿಗೆ ದಾಟಿಬಿಡುತ್ತವೆ, ಆದ್ದರಿಂದ ಎರಡೂ ಕಣ್ಣುಗಳ ನೋಟವನ್ನು ಕೂಡಿಸಿ ದೂರವನ್ನು ಅಳೆಯುವುದು ಕಷ್ಟವಾಗುತ್ತದೆ. ಸಯಾಮಿ ಬೆಕ್ಕುಗಳ ಮೆಳ್ಳೆಗಣ್ಣಿಗೂ ಇದೇ ನಂಟು. ತಲೆ ತೂಗಿದಾಗ ಹತ್ತಿರದ ವಸ್ತು ಹೆಚ್ಚು, ದೂರದ್ದು ಕಡಿಮೆ ಸರಿದಂತೆ ಕಾಣುವುದರಿಂದ ಅಂತರದ ಅಂದಾಜು ಸಿಗುತ್ತದೆ.

ಬಿಳಿಯಾದದ್ದೆಲ್ಲ ಹೀಗಲ್ಲ, ಮತ್ತೆ. ನಮ್ಮ ಖಿಲಾರಿ ಎತ್ತು ಎಷ್ಟೇ ಬಿಳಿಯಿದ್ದರೂ ಅದರ ಕಣ್ಣು ಕಾಡಿಗೆಗಪ್ಪು.

ಮೊಲವನ್ನು ಬೇವಿನ ಮರದ ನೆರಳಿಗೆ ಸರಿಸಿದೆವು. ನಾಲ್ಕು ಸಲ ತಲೆ ತೂಗಿ, ಐದನೆಯ ಸಲಕ್ಕೆ ಸೊಪ್ಪಿಗೆ ಬಾಯಿ ಹಾಕಿತು.